ಕಿವಿಯೊಳಗಿನ ಹರಳು, ತಿರುಗುವ ಕೋಣೆ

ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಕೆಲವರಿಗೆ ಗಾಯ ಮಾಗಿದ ಮೇಲೂ ಒಂದು ಕಾಟ ಉಳಿದುಬಿಡುತ್ತದೆ. ಮಗ್ಗುಲು ಬದಲಿಸಿದರೆ ಸಾಕು, ಕೋಣೆ ಗಿರ್ರನೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ. ಒಂದು ನಿಮಿಷದೊಳಗೆ ಎಲ್ಲ ಶಾಂತ! ಸ್ಕ್ಯಾನ್ ಮಾಡಿಸಿದರೆ ನಾರ್ಮಲ್. ಕೊನೆಗೆ ಸಿಗುವ ಉತ್ತರ - "ಎಲ್ಲಾ ನಿಮ್ಮ ಭ್ರಮೆ".

ಈ "ಭ್ರಮೆ"ಯ ಬೆನ್ನು ಹತ್ತಿದವರ ಕಥೆ ಸ್ವಾರಸ್ಯವಾಗಿದೆ.

ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ಕಿವಿ ಡಾಕ್ಟರಿದ್ದ. ತಣ್ಣೀರಿನಲ್ಲಿ ಕಿವಿ ತೊಳೆದರೆ ರೋಗಿಗಳಿಗೆ ತಲೆ ಸುತ್ತುತ್ತಿತ್ತು. ಬಿಸಿನೀರು ಹಾಕಿದರೂ ಸುತ್ತುತ್ತಿತ್ತು, ಆದರೆ ಕಣ್ಣುಗುಡ್ಡೆ ಉಲ್ಟಾ ದಿಕ್ಕಿಗೆ ಅದುರುತ್ತಿತ್ತು. ಒಳಗಿವಿಯ ದ್ರವವೂ ಹಂಡೆಯ ನೀರಿನಂತೆ ಬಿಸಿಯಾದರೆ ಮೇಲೇರುತ್ತೆ, ತಣ್ಣಗಾದರೆ ಕೆಳಗಿಳಿಯುತ್ತೆ ಎಂದು ಆತ ತರ್ಕಿಸಿದ. ಒಳಗಿವಿಯ ಮೇಲಿನ ಕೆಲಸಕ್ಕೆ 1914ರ ನೊಬೆಲ್ ಬಂದ ಸುದ್ದಿ ತಲುಪಿದಾಗ ಆತ ರಷ್ಯಾದಲ್ಲಿ ಯುದ್ಧಕೈದಿ! ತಲೆಯ ಭಂಗಿ ಬದಲಾದಾಗ ಮಾತ್ರ ಬರುವ ಈ ಸುತ್ತನ್ನು 1921ರಲ್ಲಿ ವಿವರಿಸಿದವನೂ ಅವನೇ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಇದಕ್ಕೊಂದು ಪರೀಕ್ಷೆ ಕೊಟ್ಟರು: ತಲೆ ಓರೆ ಮಾಡಿಸಿ ಸರಕ್ಕನೆ ಮಲಗಿಸಿ ಕಣ್ಣು ನೋಡುವುದು.

ಕಾರಣ ಏನು ಗೊತ್ತಾ? ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಪುಟ್ಟ ಹರಳುಗಳಿವೆ, ಸುಣ್ಣದಕಲ್ಲಿನ ವಸ್ತುವೇ. ಪೆಟ್ಟು ಬಿದ್ದಾಗ ಕೆಲವು ಕಿತ್ತುಬಂದು ಪಕ್ಕದ ಅರ್ಧಚಂದ್ರಾಕಾರದ ನಾಳಕ್ಕೆ ಜಾರುತ್ತವೆ. ತಲೆ ಓರೆಯಾದಾಗ ಹರಳು ಉರುಳಿ ದ್ರವವನ್ನು ಎಳೆಯುತ್ತದೆ. ಮಿದುಳಿಗೆ ತಲೆ ಗರಗರ ತಿರುಗುತ್ತಿದೆ ಎಂದು ಸಂದೇಶ ಹೋಗುತ್ತದೆ, ಕಣ್ಣು ಇಲ್ಲ ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೋಗ್ರಾಮ್ ಸರಿ, ಸೆನ್ಸರ್‌ನಲ್ಲಿ ಕಸ. ವಾಕರಿಕೆ ಬರೋದು ಈ ಜಗಳಕ್ಕೆ.

ಬೈಕಿನಿಂದ ಬಿದ್ದ ಮೂರನೇ ವಾರ ನನಗೂ ಹೀಗೇ ಆಗಿತ್ತು. ಒಬ್ಬರು "ಆಫೀಸ್ ಟೆನ್ಷನ್" ಎಂದು ಮಾತ್ರೆ ಬರೆದರು. ಇನ್ನೊಬ್ಬ ಕಿವಿ ಡಾಕ್ಟರು ಇದೇ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿ, ತಲೆಯನ್ನು ನಾಲ್ಕು ಭಂಗಿಗಳಲ್ಲಿ ನಿಧಾನಕ್ಕೆ ತಿರುಗಿಸಿ ಕೂರಿಸಿದರು. ಐದಾರು ನಿಮಿಷ, ಅಷ್ಟೇ!

ಈ ಉಪಾಯ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಾನ್ ಎಪ್ಲಿಯದು. ಅದಕ್ಕೆ ಮೊದಲು, 1974ರಲ್ಲಿ, ಗುಣವಾಗದವರಿಗೆ ಆ ನಾಳದ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ ಬಂದಿತ್ತು. ಹರಳು ಒಳಗೆ ಹೋದ ದಾರಿಯಲ್ಲೇ ಉರುಳಿಸಿ ಹೊರಗೆ ತರಬಹುದು ಎಂದ ಎಪ್ಲಿಯನ್ನು ಸಹವೈದ್ಯರು ನಂಬಲಿಲ್ಲ. ಆತನ ಲೇಖನ ಪ್ರಕಟವಾಗಿದ್ದು 1992ರಲ್ಲಿ. ಇಂದು ಅದು ಎಲ್ಲೆಡೆ ಮೊದಲ ಚಿಕಿತ್ಸೆ.

ಹಾಗಂತ ಪೆಟ್ಟಾದ ಕೂಡಲೇ ಮನೆಯಲ್ಲೇ ತಲೆ ತಿರುಗಿಸೋಕೆ ಹೋಗಬೇಡಿ. ಪದೇಪದೇ ವಾಂತಿ, ಹೆಚ್ಚುವ ತಲೆನೋವು, ಮಂಪರು, ಮಾತು ತೊದಲುವುದು, ಕುತ್ತಿಗೆ ನೋವು - ಇವಿದ್ದರೆ ಮೊದಲು ಆಸ್ಪತ್ರೆ. ಅವೆಲ್ಲ ಇಲ್ಲ, ಸ್ಕ್ಯಾನ್ ನಾರ್ಮಲ್, ಮಗ್ಗುಲಾದರೆ ಮಾತ್ರ ಸುತ್ತು ಅಂತಾದರೆ "ಭ್ರಮೆ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಒಮ್ಮೆ ಕಿವಿಯನ್ನೂ ನೋಡಿ ಅಂತ ಕೇಳಿ.