ಕೊಳ್ಳೋಕೆ ಒಂದು ಕ್ಲಿಕ್, ಬಿಡೋಕೆ ಆರು

ಇವತ್ತಿನ ಇತಿಹಾಸ ನಿಮ್ಮ ಫೋನೊಳಗೇ ಇದೆ. ಯಾವ ಆ್ಯಪ್ ಬೇಕಾದ್ರೂ ತೆಗೀರಿ: ಮೊದಲು ಯಾವ ಸ್ಕ್ರೀನ್, ಆಮೇಲೆ ಯಾವ ಬಟನ್, ಕೊನೆಗೆ ಎಲ್ಲಿಗೆ ಹೋಗಿ ಮುಟ್ತೀರಿ ಅನ್ನೋದನ್ನ ಯಾರೋ ಕೂತು ಮೊದಲೇ ಗೆರೆ ಎಳೆದಿಟ್ಟಿರ್ತಾರೆ. ಡಿಸೈನರ್‌ಗಳು ಇದಕ್ಕೆ 'ಯೂಸರ್ ಫ್ಲೋ' ಅಂತಾರೆ.

ಈ ದಾರಿಗೆ ಎಷ್ಟು ಬೆಲೆ ಅನ್ನೋದು ಕೋರ್ಟ್ ಮೆಟ್ಟಿಲೇರಿದ್ದು 1999ರಲ್ಲಿ. ಆಗ ಆನ್‌ಲೈನಲ್ಲಿ ಪುಸ್ತಕ ಕೊಳ್ಳಬೇಕಂದ್ರೆ ಕಾರ್ಟು, ವಿಳಾಸ, ಕಾರ್ಡ್ ನಂಬರು ಅಂತ ಪುಟದ ಮೇಲೆ ಪುಟ. ಅಮೆಜಾನ್ ಈ ವಿವರಗಳನ್ನ ಮೊದಲೇ ಉಳಿಸಿಕೊಂಡು, ಎಲ್ಲವನ್ನೂ ಒಂದೇ ಕ್ಲಿಕ್ಕಿಗೆ ಇಳಿಸಿತ್ತು. ಸೆಪ್ಟೆಂಬರ್‌ನಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ತು. ಮುಂದಿನ ತಿಂಗಳೇ ಬಾರ್ನ್ಸ್ ಅಂಡ್ ನೋಬಲ್ ಮೇಲೆ ಕೇಸು, ಡಿಸೆಂಬರ್‌ನಲ್ಲಿ ತಡೆಯಾಜ್ಞೆ. ಆ ಪುಸ್ತಕದಂಗಡಿ ತನ್ನ ವೆಬ್‌ಸೈಟಿಗೆ ಬೇಕಂತಲೇ ಇನ್ನೊಂದು ಕ್ಲಿಕ್ ಸೇರಿಸಬೇಕಾಯ್ತು! 2001ರಲ್ಲಿ ಮೇಲಿನ ಕೋರ್ಟ್ ಆ ಆಜ್ಞೆ ತೆಗೆದುಹಾಕಿತು. ಪೇಟೆಂಟ್ ಮಾತ್ರ 2017ರವರೆಗೂ ಉಳೀತು. ಬಿ.ಕಾಂನಲ್ಲಿ ಪೇಟೆಂಟನ್ನ ಆಸ್ತಿ ಕಡೆ ಬರೆಯೋದು ಕಲಿತಿದ್ದೆ. ಇಲ್ಲಿ ಆಸ್ತಿ ಅಂದ್ರೆ ಗ್ರಾಹಕ ನೋಡದೇ ಹೋದ ಪುಟಗಳು.

ಅದೇ ಕಂಪನಿಯಿಂದ ಹೊರಗೆ ಬರೋ ದಾರಿ ಹೇಗಿತ್ತು? 2023ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯ ಪ್ರಕಾರ, ಪ್ರೈಮ್ ಸದಸ್ಯತ್ವ ರದ್ದು ಮಾಡೋಕೆ ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ. ಕಂಪನಿಯೊಳಗೆ ಅದಕ್ಕಿದ್ದ ಹೆಸರು 'ಇಲಿಯಡ್'. ಮುಗಿಯದ ಟ್ರಾಯ್ ಯುದ್ಧದ ಗ್ರೀಕ್ ಮಹಾಕಾವ್ಯ ಗೊತ್ತಲ್ಲ, ಅದೇ. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಪ್ಪು ಒಪ್ಪಿಕೊಳ್ಳದೆ, 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಹಾಗಂತ ಹೆಚ್ಚಿನ ಹೆಜ್ಜೆಯೆಲ್ಲ ಮೋಸ ಅಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ದೃಢೀಕರಣ ಬೇಕೇ ಬೇಕು ಅಂತ ನಮ್ಮ ಆರ್‌ಬಿಐ 2009ರಲ್ಲೇ ಕಡ್ಡಾಯ ಮಾಡಿತು. ಈಗ ಓಟಿಪಿಗೆ ಕಾಯೋದು ಕಿರಿಕಿರಿನೇ, ಆದ್ರೆ ಅದು ಉಳಿಸೋದು ನಮ್ಮ ದುಡ್ಡನ್ನ. ಹಾಗಾಗಿ ಎಷ್ಟು ಕ್ಲಿಕ್ ಅಂತ ಎಣಿಸೋದರ ಜೊತೆಗೆ, ಅದರಿಂದ ಯಾರ ದುಡ್ಡು ಉಳೀತು ಅಂತಲೂ ಕೇಳಬೇಕು.

ಭಾರತದಲ್ಲಿ ಈಗ ನಿಯಮ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ 'ಡಾರ್ಕ್ ಪ್ಯಾಟರ್ನ್' ಪಟ್ಟಿ ಮಾಡಿ ನಿಷೇಧಿಸಿತು. ಸೇರೋದು ಸುಲಭ, ಬಿಡೋದು ಕಷ್ಟ ಅನ್ನೋ 'ಸಬ್‌ಸ್ಕ್ರಿಪ್ಷನ್ ಬಲೆ'ಯೂ ಅದರಲ್ಲಿದೆ. ಸಿಕ್ಕಿಹಾಕಿಕೊಂಡ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮುಂದಿನ ಸಲ 'ಫ್ರೀ ಟ್ರಯಲ್' ಒತ್ತೋ ಮುಂಚೆ, ಕ್ಯಾನ್ಸಲ್ ಬಟನ್ ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.