ಓಡಿಹೋದವರ ಇತಿಹಾಸ

ಈ ಮಳೆಗಾಲ ಹಳಿಯಾಳ–ಜೋಯಿಡಾ ಬಸ್ಸಿನಲ್ಲಿ ನಾನು ಓದಿ ಮುಗಿಸಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ದಪ್ಪ ಪುಸ್ತಕ ಅಂತ ಹತ್ತು ವರ್ಷ ಮುಟ್ಟಿರಲಿಲ್ಲ. ಶುರು ಮಾಡಿದ ಮೇಲೆ ಒಂದು ದಿನ ಇಳಿಯುವ ಸ್ಟಾಪೇ ತಪ್ಪಿತು.

ಕಾದಂಬರಿ ಬಂದದ್ದು 1967ರಲ್ಲಿ. ಕಥೆ ನಡೆಯುವುದು ತೀರ್ಥಹಳ್ಳಿ ಸೀಮೆಯಲ್ಲಿ, 1893ರ ಸುಮಾರಿಗೆ. ಸ್ವಾಮಿ ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ ಕಾಲ ಅದು. ಹಿಂದಿನ ವರ್ಷವಷ್ಟೇ ಅವರು ಬೆಳಗಾವಿಯಿಂದ ಗೋವಾಕ್ಕೆ ಹೋಗಿದ್ದರು. ಆಗಲೂ ಗೋವಾದ ರೈಲು ಘಟ್ಟ ಇಳಿಯುತ್ತಿದ್ದದ್ದು ನಮ್ಮ ಕ್ಯಾಸಲ್‌ರಾಕ್ ಮೇಲೆಯೇ.

ಇದು ಪ್ರೀತಿಯ ಕಥೆ. ಆದರೆ ಇಲ್ಲಿ ರಾಜ–ರಾಣಿ ಇಲ್ಲ. ನಾಯಿಗುತ್ತಿ ಒಬ್ಬ ಹೆಗ್ಗಡೆಯ ಹೊಲೆಯಾಳು. ಅವನು ಮೆಚ್ಚಿದ ತಿಮ್ಮಿ ಇನ್ನೊಬ್ಬ ಒಡೆಯನ ಆಳು. ಮದುವೆಗೂ ಒಡೆಯರ ಅಪ್ಪಣೆ ಬೇಕು. ಗುತ್ತಿ ಅಪ್ಪಣೆಗೆ ಕಾಯದೆ ತಿಮ್ಮಿಯನ್ನು ಕರೆದುಕೊಂಡು ಕಾಡು ಹೊಕ್ಕುತ್ತಾನೆ. ಅತ್ತ ಹೂವಳ್ಳಿಯ ಚಿನ್ನಮ್ಮನನ್ನು ಹೆಂಡತಿ ಇರುವ ಹೆಗ್ಗಡೆಗೆ ಕೊಡಲು ಮನೆಯವರು ನಿಶ್ಚಯಿಸಿದ್ದಾರೆ. ಅವಳ ಮನಸ್ಸು ಮುಕುಂದಯ್ಯನ ಮೇಲೆ. ಮದುವೆಯ ಹಿಂದಿನ ರಾತ್ರಿ ಅವಳೂ ಮನೆ ಬಿಡುತ್ತಾಳೆ. ಹೊಲೆಗೇರಿಯ ಹೆಣ್ಣಿಗೂ ಗೌಡರ ಮನೆಯ ಹೆಣ್ಣಿಗೂ ಉಳಿದ ದಾರಿ ಒಂದೇ, ಕಾಡು. ಗುತ್ತಿಯ ನಾಯಿ ಹುಲಿಯನಿಗೆ ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೀವೇ ಓದಿ.

ಆ ಕಾಲದ ಕಾನೂನು ನೋಡಿದರೆ ಇವರ ಧೈರ್ಯ ಎಷ್ಟೆಂದು ತಿಳಿಯುತ್ತದೆ. ತೀರ್ಥಹಳ್ಳಿ ಮೈಸೂರು ಸಂಸ್ಥಾನದಲ್ಲಿತ್ತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ಅಲ್ಲಿ ನಿಷೇಧಿಸಿದ್ದೇ 1894ರಲ್ಲಿ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂದೂ ಅದರಲ್ಲಿತ್ತು. ನಮ್ಮ ಹಳಿಯಾಳ, ಸೂಪಾ ಆಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಇಲ್ಲಿ 1891ರ ಕಾಯ್ದೆ ಹುಡುಗಿಯ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಅಷ್ಟಕ್ಕೇ ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ಹೆಣ್ಣು ತಾನೇ ಗಂಡು ಆರಿಸಿಕೊಳ್ಳುವ ಮಾತು ಈ ಎರಡು ಕಾನೂನಿನಲ್ಲೂ ಇರಲಿಲ್ಲ.

ಈಗ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬಿದರೆ ಸಾಕು. ಜಾತಿ ಅಡ್ಡ ಬಾರದಂತೆ 1954ರ ವಿಶೇಷ ವಿವಾಹ ಕಾಯ್ದೆಯೂ ಇದೆ. ಆದರೂ ಹುಡುಗಿ ಮನೆ ಬಿಟ್ಟರೆ ನಾವು ವರದಿಗಾರರು ಬರೆಯುವುದು ‘ಯುವತಿ ನಾಪತ್ತೆ’ ಎಂದೇ. ಮುಂಡಗೋಡ ಕಡೆಯ ಹತ್ತೊಂಬತ್ತರ ಹುಡುಗಿಯೊಬ್ಬಳ ಬಗ್ಗೆ ನಾನೂ ನಾಲ್ಕು ಸಾಲು ಬರೆದಿದ್ದೆ: ಎತ್ತರ, ಮೈಬಣ್ಣ, ಚೂಡಿದಾರದ ಬಣ್ಣ. ಎರಡು ತಿಂಗಳಿಗೆ ಅವಳದೇ ಫೋನ್ ಬಂತು. “ನಾ ಕಳದಿಲ್ರಿ ಸರ್, ನಾನ ಹೋಗೇನಿ. ಅದನ್ನೂ ಬರೀರಿ.”

ಬರೆಯಲಿಲ್ಲ. ಊರವರ ಸಿಟ್ಟು ಯಾಕೆ ಅನ್ನಿಸಿತು.

ನಾವು ಸುದ್ದಿ ಬರೆಯುವಾಗ ಮಗಳನ್ನು ಕಳೆದುಕೊಂಡ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತೇವೆ. ಕುವೆಂಪು ಓಡಿಹೋದವರ ಜೊತೆ ಕತ್ತಲಲ್ಲಿ, ಜಿಗಣೆ ಹತ್ತಿಸಿಕೊಂಡು ನಡೆದರು. ಅವಳ ಮಾತನ್ನು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ.