ನಮ್ಮ ಶಾಲೆಯ ಹೊರಸಂಚಾರ: ರಂಗನತಿಟ್ಟಿನಿಂದ ಮೈದನಹಳ್ಳಿಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಪ್ರವಾಸಗಳ ಬಗ್ಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಇದೇ ಶಾಲೆಯಲ್ಲಿ ಕಲಿತು, ಮುಂದೆ ಇಲ್ಲೇ ಮೇಷ್ಟ್ರಾದ ನನಗೆ ಮೊದಲು ನೆನಪಾದದ್ದು 1984ರ ಮೈಸೂರು ಪ್ರವಾಸ.

ಅರಮನೆ, ಚಾಮುಂಡಿಬೆಟ್ಟ, ಕನ್ನಂಬಾಡಿ ನೋಡಿಕೊಂಡು ಕೊನೆಗೆ ರಂಗನತಿಟ್ಟಿಗೆ ಹೋದೆವು. ಬಯಲುಸೀಮೆಯ ಮಕ್ಕಳಿಗೆ ಕಾವೇರಿಯ ಅಷ್ಟು ನೀರೇ ಸೋಜಿಗ. ದೋಣಿಯಲ್ಲಿ ಕೂತು ನಡುಗಡ್ಡೆಗಳ ಸುತ್ತ ಹೋದಾಗ ಮರಗಳ ಮೇಲೆ ಕೊಕ್ಕರೆಗಳು, ಬಂಡೆಯ ಮೇಲೆ ಮೊಸಳೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತೆಂದು ವಿಜ್ಞಾನದ ಮೇಷ್ಟ್ರು ವಿವರಿಸಿದರು. "ಸುತ್ತ ನೀರಿದೆ, ಕಾಡುಬೆಕ್ಕು ನರಿಗಳು ಸುಲಭವಾಗಿ ಬರೋಕಾಗಲ್ಲ. ಅದಕ್ಕೇ ಇಲ್ಲಿ ಗೂಡು ಕಟ್ತವೆ" ಎಂದರು.

"ನಮ್ಮ ಕಡೆ ಇಂಥದ್ದು ಏನೂ ಇಲ್ವಾ ಸಾರ್?" ಎಂದು ನಾನು ಕೇಳಿದೆ. "ಮೈದನಹಳ್ಳಿ ನೋಡಿದ್ದೀಯೇನೋ?" ಎಂದು ಅವರು ತಿರುಗಿ ಕೇಳಿದರು. ನೋಡಿರಲಿಲ್ಲ.

ಮುಂದಿನ ತಿಂಗಳೇ ಬುತ್ತಿ ಕಟ್ಟಿಕೊಂಡು ಹೊರಟೆವು. ಮಧುಗಿರಿ ತಾಲ್ಲೂಕಿನ ಈಶಾನ್ಯ ಮೂಲೆ, ಆಚೆ ಆಂಧ್ರದ ಗಡಿ. ಹುಲ್ಲು ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡು ಮೇಯುತ್ತಿತ್ತು. ಕಪ್ಪು ಮೈಯ, ತಿರುಚಿದ ಕೊಂಬಿನ ಗಂಡುಗಳು, ಕಂದುಬಣ್ಣದ ಹೆಣ್ಣುಗಳು. ಅವು ನೆಗೆಯುವುದನ್ನು ನೋಡುವ ಆಸೆಯಿಂದ ನಾವು ನಾಲ್ಕೈದು ಹುಡುಗರು ಕೂಗುತ್ತಾ ಬೆನ್ನಟ್ಟಿದೆವು. ನೆಗೆದವು, ಚಪ್ಪಾಳೆ ತಟ್ಟಿದೆವು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಬಂದು ಗದರಿದರು: "ತಾಯಿ ಮರೀನ ಹುಲ್ಲಾಗೆ ಮಲಗ್ಸಿ ಹೋಗಿರ್ತದೆ ಕಣ್ರೋ. ಅದು ಎಲ್ಲೈತೆ ಅಂತ ನಿಮಗೆ ಗೊತ್ತಾ?" ಮೇಷ್ಟ್ರು ಬೈಯಲಿಲ್ಲ, ನೀಲಗಿರಿ ಮರದ ಕೆಳಗೆ ಒಂದು ಗಂಟೆ ಮಾತಿಲ್ಲದೆ ಕೂರಿಸಿದರು. ಹಿಂಡು ತಾನಾಗಿ ಮರಳಿತು. ನೋಡುವುದೆಂದರೆ ಏನೆಂದು ನಾನು ಕಲಿತದ್ದು ಅವತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿತ್ತು. ಆದರೆ ಅದರ ಬಯಲು ಬಹುಕಾಲ ಜನರ ಕಣ್ಣಿಗೆ ಬರೀ ಖಾಲಿ ಜಾಗ. 2007ರಲ್ಲಿ ಅಲ್ಲಿನ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ನದಿಯ ಹೆಸರು ಅದಕ್ಕೆ. ರಾಣೆಬೆನ್ನೂರು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳು ಹೆಚ್ಚಾಗಿರುವುದು ಇಲ್ಲೇ.

ಶಿರಾ ತಾಲ್ಲೂಕಿನ ಕಗ್ಗಲಡು ಹೊರಜಗತ್ತಿಗೆ ತಿಳಿದದ್ದು 1999ರಲ್ಲಿ, ತುಮಕೂರಿನ ಪರಿಸರಾಸಕ್ತರ ಮೂಲಕ. ಬಣ್ಣದ ಕೊಕ್ಕರೆಗಳು ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಮರಿ ಮಾಡುತ್ತವೆ. ರಂಗನತಿಟ್ಟಿನಲ್ಲಿ ಹಕ್ಕಿಗೆ ನೀರು ಕಾವಲು. ಕಗ್ಗಲಡಿನಲ್ಲಿ ಊರೇ ಕಾವಲು. ನಾನು ಮೇಷ್ಟ್ರಾದ ಮೇಲೆ ಮಕ್ಕಳನ್ನು ಈ ಎರಡೂ ಕಡೆ ಕರೆದುಕೊಂಡು ಹೋಗುವುದು ರೂಢಿಯಾಯಿತು.

ಒಮ್ಮೆ ಮೈದನಹಳ್ಳಿಯಿಂದ ಬರುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ನೀವು ನೋಡಿ ಖುಷಿಪಡ್ತೀರಾ. ನಮ್ಮಪ್ಪ ಶೇಂಗಾ ಹೊಲದಾಗೆ ರಾತ್ರಿಯೆಲ್ಲ ಕಾವಲಿರ್ತಾರೆ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಬಯಲೂ ಒಂದು ನಡುಗಡ್ಡೆಯೇ. ಅದರ ಸುತ್ತ ಇರುವುದು ನೀರಲ್ಲ, ಮಳೆ ನಂಬಿದ ರೈತನ ಹೊಲ. ಮುಂದಿನ ವರ್ಷದಿಂದ ಜಿಂಕೆ ನೋಡುವ ಮೊದಲು ಪಕ್ಕದ ಹೊಲದವರ ಮಾತು ಕೇಳುವುದನ್ನೂ ಹೊರಸಂಚಾರದ ಪಾಠವಾಗಿ ಸೇರಿಸಿದೆವು. ಮಕ್ಕಳು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈಗ ನಿಮ್ಮಲ್ಲಿ ಹಲವರಿಗೆ ಕಾರಿದೆ, ಕ್ಯಾಮೆರಾ ಇದೆ. ಮಕ್ಕಳನ್ನು ಕರೆದುಕೊಂಡು ಮೈದನಹಳ್ಳಿಗೆ ಹೋಗಿ. ಬಯಲಿನೊಳಗೆ ಗಾಡಿ ಓಡಿಸಬೇಡಿ, ಹಿಂಡನ್ನು ಬೆನ್ನಟ್ಟಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಬರುವಾಗ ಹೊಲದಲ್ಲಿರುವವರನ್ನು ಈ ಸಲ ಬೆಳೆ ಹೇಗಿದೆ ಎಂದು ಕೇಳಿ ಬನ್ನಿ.